ಸ್ಪೀಕರ್ ಕಟ್ಟಿದ್ದು ಮೂರು ವಾರ, ತಿದ್ದಿದ್ದು ಐದು ತಿಂಗಳು

ಮರದ ಕೆಲಸಕ್ಕೆ ಮೂರು ಭಾನುವಾರ ಸಾಕಾಯಿತು. ಆ ಎರಡು ಡಬ್ಬಗಳಿಂದ ಕೂತು ಕೇಳುವಂಥ ಸದ್ದು ಹೊರಡಿಸಲು ಐದು ತಿಂಗಳು ಹಿಡಿಯಿತು. ಶುರುಮಾಡುವಾಗ ನನ್ನ ಲೆಕ್ಕ ಪೂರ್ತಿ ತಿರುಗುಮುರುಗಾಗಿತ್ತು. ಕಷ್ಟವೆಲ್ಲ ಗರಗಸ, ಅಂಟು, ಉಪ್ಪುಕಾಗದದಲ್ಲಿದೆ, ಧ್ವನಿಯ ಭಾಗವನ್ನು ಡಿಎಸ್‌ಪಿ, ಅಂದರೆ ಸದ್ದನ್ನು ಅಂಕಿಗಳ ರೂಪದಲ್ಲಿ ತಿದ್ದುವ ಡಿಜಿಟಲ್ ಸಂಸ್ಕರಣೆ, ನೋಡಿಕೊಳ್ಳುತ್ತದೆ, ಮೌಸ್ ಹಿಡಿದು ಪರದೆಯ ಮೇಲಿನ ಸದ್ದಿನ ಗೆರೆ ನೆಟ್ಟಗೆ ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆ.

ಡಿಎಸ್‌ಪಿ ಯಾಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕಟ್ಟಿದ್ದು ಟೂ-ವೇ ಸ್ಪೀಕರ್. ತಗ್ಗಿನ ಸದ್ದಿಗೆ ವೂಫರ್, ಮೇಲಿನದಕ್ಕೆ ಟ್ವೀಟರ್. ಯಾರಿಗೆ ಎಷ್ಟು ಎಂದು ಹಂಚುವುದು ಕ್ರಾಸ್‌ಓವರ್. ಮಾಮೂಲಿ ಸ್ಪೀಕರ್‌ಗಳಲ್ಲಿ ಆಂಪ್ಲಿಫೈಯರ್‌ನಿಂದ ಬಂದ ಕರೆಂಟನ್ನು ಡಬ್ಬದೊಳಗಿನ ತಾಮ್ರದ ಸುರುಳಿ, ಕೆಪಾಸಿಟರ್, ರೆಸಿಸ್ಟರ್‌ಗಳು ಹಂಚುತ್ತವೆ. ಒಂದು ಅಂಕಿ ಬದಲಾಗಬೇಕೆಂದರೆ ಬೆಸುಗೆ ಬಿಚ್ಚಬೇಕು, ಬೇರೆ ಬಿಡಿಭಾಗ ತರಿಸಬೇಕು, ಮತ್ತೆ ಬೆಸೆಯಬೇಕು. ಡಿಎಸ್‌ಪಿಯಲ್ಲಿ ಈ ಹಂಚಿಕೆ ಆಂಪ್ಲಿಫೈಯರ್‌ಗೆ ಮೊದಲೇ, ಸದ್ದು ಇನ್ನೂ ಬರೀ ಅಂಕಿಗಳಾಗಿರುವಾಗಲೇ ಮುಗಿಯುತ್ತದೆ. ಅದಕ್ಕೆ ತೆರಬೇಕಾದ ದಂಡವೆಂದರೆ ಪ್ರತಿ ಡ್ರೈವರ್‌ಗೂ (ವೂಫರ್, ಟ್ವೀಟರ್ ಎರಡಕ್ಕೂ ಇದೇ ಹೆಸರು) ಒಂದೊಂದು ಆಂಪ್ಲಿಫೈಯರ್ ಚಾನೆಲ್ ಬೇಕು. ಎರಡು ಸ್ಪೀಕರ್‌ಗೆ ನಾಲ್ಕು. ನನ್ನದು ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಕ್ಯಾಮಿಲಾಡಿಎಸ್‌ಪಿ ಎಂಬ ಉಚಿತ ತಂತ್ರಾಂಶ, ಎಂಟು ಔಟ್‌ಪುಟ್‌ನ ಯುಎಸ್‌ಬಿ ಸೌಂಡ್ ಕಾರ್ಡ್, ನಾಲ್ಕು ಚಾನೆಲ್ ಆಂಪ್. ಇಡೀ ಕ್ರಾಸ್‌ಓವರ್ ಒಂದು ಪಠ್ಯ ಫೈಲಿನಲ್ಲಿರುತ್ತದೆ. ಹಂಚಿಕೆಯ ಆವರ್ತನ 2000 ಹರ್ಟ್ಸ್ ಇದ್ದಲ್ಲಿ 2200 ಎಂದು ಬರೆದು ಸೇವ್ ಮಾಡಿದರೆ ಸ್ಪೀಕರ್ ಬದಲಾಯಿತು. ಈ ಸಲೀಸುತನವೇ ಮುಂದೆ ನನ್ನ ಕಾಲಿಗೆ ತೊಡರಿಕೊಂಡಿತು.

ವೂಫರ್ ಜೊತೆ ಬರುವ ಕಾಗದದಲ್ಲಿ ಹತ್ತಿಪ್ಪತ್ತು ಅಂಕಿಗಳಿರುತ್ತವೆ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿ ಬರೆದ ಪ್ರಬಂಧದಿಂದ ಶುರುವಾಗಿ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕ ಅದು. ಗಾಳಿಯಾಡದ ಮುಚ್ಚಿದ ಡಬ್ಬಕ್ಕೆ ಮೂರೇ ಅಂಕಿ ಸಾಕು. ನನ್ನ ಆರೂವರೆ ಇಂಚಿನ ವೂಫರ್‌ನ ಅನುರಣನ, ಅಂದರೆ ಅದು ತಾನಾಗಿ ಅದುರುವ ಆವರ್ತನ, 36 ಹರ್ಟ್ಸ್. ಆ ಅದುರಾಟ ಎಷ್ಟು ಹಿಡಿತದಲ್ಲಿದೆ ಎನ್ನುವ ಕ್ಯೂಟಿಎಸ್ (ಚಿಕ್ಕದಾಗಿ ಕ್ಯೂ) 0.38. ಅದರ ತೂಗುಪಟ್ಟಿಯಷ್ಟೇ ಬಿಗಿಯಾದ ಸ್ಪ್ರಿಂಗಿಗೆ ಎಷ್ಟು ಗಾಳಿ ಸಮ ಎನ್ನುವ ವಿಎಎಸ್ 30 ಲೀಟರ್. ಮೂವತ್ತನ್ನು ಡಬ್ಬದ 12 ಲೀಟರಿನಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದರೆ 1.87. ಅನುರಣನವನ್ನೂ ಕ್ಯೂವನ್ನೂ ಅದರಿಂದ ಗುಣಿಸಿದರೆ ಡಬ್ಬದೊಳಗೆ ಕೂತ ವೂಫರ್‌ನ ಜಾತಕ ಬರುತ್ತದೆ: 67 ಹರ್ಟ್ಸ್, 0.71. ಕ್ಯೂ 0.7ರ ಹತ್ತಿರ ಇದ್ದರೆ ಬಾಸ್ ಎಲ್ಲೂ ಉಬ್ಬದೆ ಸಲೀಸಾಗಿ ಇಳಿದುಹೋಗುತ್ತದೆ. 67 ಹರ್ಟ್ಸ್ ಎಂದರೆ ಬಾಸ್ ಅಂಥದ್ದೇನೂ ಆಳಕ್ಕೆ ಹೋಗುವುದಿಲ್ಲ. ಇರಲಿ, ಉಳಿದದ್ದನ್ನು ಡಿಎಸ್‌ಪಿಯಲ್ಲಿ ಎತ್ತಿಕೊಳ್ಳೋಣ ಎಂದುಕೊಂಡೆ.

ಹದಿನೆಂಟು ಮಿ.ಮೀ. ಎಂಡಿಎಫ್ ಹಲಗೆ. ಒಳಗಿನ ಅಳತೆ 19, 20, 34 ಸೆಂ.ಮೀ. ಗುಣಿಸಿದರೆ 12.9 ಲೀಟರ್. ವೂಫರ್‌ನ ಬೆನ್ನಿನ ಆಯಸ್ಕಾಂತ, ನಡುವೆ ಕೊಟ್ಟ ಅಡ್ಡಪಟ್ಟಿ ಎಲ್ಲ ಕಳೆದರೆ ಸುಮಾರು 12. ಹಲಗೆ ಕೊಯ್ದುಕೊಟ್ಟ ಬಡಗಿ ಅಳತೆಯ ಚೀಟಿಯನ್ನು ಎರಡು ಸಲ ನೋಡಿ, "ಮೇಡಂ, ಇದರೊಳಗೆ ಏನಿಡ್ತೀರಿ?" ಎಂದು ಕೇಳಿದರು. "ಗಾಳಿ" ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂತ ನಕ್ಕರು. ನಾನು ಹೇಳಿದ್ದು ನಿಜವೇ ಆಗಿತ್ತು. ಮುಚ್ಚಿದ ಡಬ್ಬದಲ್ಲಿ ಕೋನ್‌ಗೆ (ವೂಫರ್‌ನ ಅದುರುವ ಮುಖಕ್ಕೆ) ಒತ್ತಾಸೆಯಾಗಿ ನಿಲ್ಲುವುದು ಒಳಗಿನ ಗಾಳಿಯೇ. ಅದು ಎಲ್ಲಿಂದಲಾದರೂ ಸೋರಿದರೆ ಮೇಲಿನ ಲೆಕ್ಕವೆಲ್ಲ ನೀರಿಗೆ ಹೋಯಿತು. ನನ್ನ ಎಡಗಡೆಯ ಡಬ್ಬ ಸೋರುತ್ತಿತ್ತು. 40 ಹರ್ಟ್ಸ್‌ನ ಒಂದೇ ಸ್ವರ ಹಚ್ಚಿ, ಒದ್ದೆ ಬೆರಳನ್ನು ಕೀಲುಗಳ ಗುಂಟ ಓಡಿಸಿದಾಗ ಹಿಂದುಗಡೆ ವೈರ್ ತೂರಿಸಿದ ತೂತಿನ ಬಳಿ ತಣ್ಣಗೆ ಪುಸುಪುಸು ಗಾಳಿ ತಾಗಿತು. ಒಂದು ಚೂರು ಸಿಲಿಕೋನ್ ತುಂಬಿದೆ. ಮರಗೆಲಸದಲ್ಲಿ ಹೇಳಿಕೊಳ್ಳುವಂಥದ್ದು ಇಷ್ಟೇ. ಎಂಡಿಎಫ್ ಧೂಳು ಮಾತ್ರ ಮೂಗಿನಿಂದ ಎರಡು ದಿನ ಹೋಗುವುದಿಲ್ಲ, ಮಾಸ್ಕ್ ಇಲ್ಲದೆ ಕೈ ಹಾಕಬೇಡಿ.

ಇನ್ನು ಟ್ವೀಟರ್ ಸುಟ್ಟ ಕಥೆ. ಔಟ್‌ಪುಟ್‌ಗಳನ್ನು ಹೀಗೆ ಜೋಡಿಸಿದ್ದೆ: ಮೊದಲನೆಯದು ಎಡ ವೂಫರ್, ಎರಡನೆಯದು ಎಡ ಟ್ವೀಟರ್, ಮೂರು ಬಲ ವೂಫರ್, ನಾಲ್ಕು ಬಲ ಟ್ವೀಟರ್. ಫೈಲಿನಲ್ಲಿ ತಗ್ಗಿನ ಸದ್ದಿನ ಫಿಲ್ಟರ್‌ಗಳನ್ನು 1 ಮತ್ತು 3ನೇ ಚಾನೆಲ್‌ಗೆ, ಮೇಲಿನದರ ಫಿಲ್ಟರ್‌ಗಳನ್ನು 2 ಮತ್ತು 4ಕ್ಕೆ ಬರೆದೆ. ಆದರೆ ತಂತ್ರಾಂಶ ಎಣಿಸುವುದು ಸೊನ್ನೆಯಿಂದ. ಅದರ ಪಾಲಿಗೆ 1 ಎಂದರೆ ಎರಡನೆಯದು, ಅಂದರೆ ಟ್ವೀಟರ್. ಸೌಂಡ್ ಕಾರ್ಡಿಗೆ ಎಂಟು ಔಟ್‌ಪುಟ್ ಇದ್ದದ್ದರಿಂದ 4 ಎಂದು ಬರೆದದ್ದಕ್ಕೂ ಅದು ತಕರಾರು ಮಾಡಲಿಲ್ಲ. ಎಡ ಸ್ಪೀಕರ್ ಒಂದನ್ನೇ ಜೋಡಿಸಿ, 10 ಹರ್ಟ್ಸ್‌ನಿಂದ ಹೊರಟು ಮೇಲಕ್ಕೆ ಏರುವ ಪರೀಕ್ಷೆಯ ಸದ್ದನ್ನು, ಅಂದರೆ ಸ್ವೀಪನ್ನು, ಒತ್ತಿಬಿಟ್ಟೆ. ವೂಫರ್ ಮಿಸುಕಲಿಲ್ಲ. ಟ್ವೀಟರ್‌ನ ಗುಮ್ಮಟ ಜೇಡರ ಬಲೆಗೆ ಬಿದ್ದ ನೊಣದಂತೆ ಗುಂಯ್‌ಗುಟ್ಟಿತು, ಟಪ್ ಎಂದಿತು, ಆಮೇಲೆ ಸುಮ್ಮನಾಯಿತು. ಕೋಣೆಯಲ್ಲಿ ವಾರ್ನಿಷ್ ಸುಟ್ಟ ವಾಸನೆ. ಮಲ್ಟಿಮೀಟರ್ ಹಿಡಿದರೆ 6 ಓಮ್ ತೋರಿಸಬೇಕಾದ ಕಡೆ ಏನೂ ಇಲ್ಲ. ಬಿಚ್ಚಿ ನೋಡಿದೆ. ಕೂದಲೆಳೆಯಂಥ ತಂತಿಯ ಸುರುಳಿ ಒಂದು ಕಡೆ ಕಪ್ಪಾಗಿ ತುಂಡಾಗಿತ್ತು.

ಹಳೆಯ ಕಾಲದ ಕ್ರಾಸ್‌ಓವರ್‌ನಲ್ಲಿ ಟ್ವೀಟರ್ ಮುಂದೆ ಯಾವಾಗಲೂ ಒಂದು ಕೆಪಾಸಿಟರ್ ಕೂತಿರುತ್ತದೆ. ಎಂಥ ಎಡವಟ್ಟು ಮಾಡಿದರೂ ಬಾಸ್ ಅದನ್ನು ದಾಟಿ ಹೋಗದು. ಡಿಎಸ್‌ಪಿಯಲ್ಲಿ ಆಂಪ್‌ನ ತಂತಿ ನೇರವಾಗಿ ಟ್ವೀಟರ್‌ಗೇ ಹೋಗುತ್ತದೆ, ನಡುವೆ ಕಾಯುವವರು ಯಾರೂ ಇಲ್ಲ. ಈಗ ನನ್ನ ಎರಡೂ ಟ್ವೀಟರ್‌ಗಳ ಮುಂದೆ 47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. 8 ಓಮ್ ಡ್ರೈವರ್‌ಗೆ ಅದು ಸುಮಾರು 420 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುತ್ತದೆ, ನನ್ನ 2000 ಹರ್ಟ್ಸ್ ಕ್ರಾಸ್‌ಓವರ್‌ಗೆ ಅಡ್ಡ ಬರುವುದಿಲ್ಲ. ಬಂದರೂ ಎಷ್ಟು ಎಂಬುದು ಅಳತೆಯಲ್ಲೇ ಸೇರಿಹೋಗುತ್ತದೆ. ಹೊಸ ಫೈಲ್ ಬರೆದಾಗಲೆಲ್ಲ ಮೊದಲು ಒಂದು ಹಳೆಯ ಬಿಡಿ ಡ್ರೈವರನ್ನು ಪ್ರತಿ ಔಟ್‌ಪುಟ್‌ಗೂ ಹಚ್ಚಿ, ಸಣ್ಣ ಸದ್ದಿನಲ್ಲಿ ಕೇಳಿ, ಆಮೇಲಷ್ಟೇ ನಿಜವಾದದ್ದನ್ನು ಜೋಡಿಸುತ್ತೇನೆ.

ಅಳೆಯುವ ಕೆಲಸ ನನಗೆ ಇಡೀ ಯೋಜನೆಯಲ್ಲೇ ಹೆಚ್ಚು ಹಿಡಿಸಿದ್ದು. ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶ, ಕ್ಯಾಲಿಬ್ರೇಷನ್ ಫೈಲ್ (ಮೈಕ್‌ನ ಸ್ವಂತ ತಪ್ಪುಗಳ ಲೆಕ್ಕ) ಇರುವ ಒಂದು ಯುಎಸ್‌ಬಿ ಮೈಕ್, ಒಂದು ಸ್ಟ್ಯಾಂಡ್. ತಗ್ಗಿನಿಂದ ಮೇಲಕ್ಕೆ ಸುಂಯ್ಯೆಂದು ಏರುವ ಸ್ವೀಪ್ ಹಚ್ಚಿ, ಮೈಕ್‌ಗೆ ಕೇಳಿದ್ದರಿಂದ ಸ್ಪೀಕರ್‌ನ ನಡತೆಯನ್ನು ಹಿಂದುಮುಂದಾಗಿ ಲೆಕ್ಕ ಹಾಕಿ, ಯಾವ ಆವರ್ತನದಲ್ಲಿ ಎಷ್ಟು ಸದ್ದು ಎಂಬುದನ್ನು ಒಂದು ಗೆರೆಯಾಗಿ ಎಳೆದು ತೋರಿಸುತ್ತದೆ. 2000ನೇ ಇಸವಿಯಲ್ಲಿ ಆಂಜೆಲೊ ಫರೀನಾ ವಿವರಿಸಿದ ವಿಧಾನ ಇದು. ಇದರ ಸೊಗಸೆಂದರೆ ಸ್ಪೀಕರ್ ತಾನಾಗಿ ಸೇರಿಸಿದ ವಿಕೃತಿ ಬೇರೆಯಾಗಿ ಪಕ್ಕಕ್ಕೆ ನಿಲ್ಲುತ್ತದೆ.

ತೊಂದರೆ ಏನೆಂದರೆ ಮೈಕ್‌ಗೆ ಸ್ಪೀಕರ್ ಒಂದೇ ಕೇಳುವುದಿಲ್ಲ, ನೆಲವೂ ಸೂರೂ ಕೇಳುತ್ತವೆ. ಸ್ಪೀಕರನ್ನೂ ಮೈಕನ್ನೂ ನೆಲದಿಂದ 1.2 ಮೀಟರ್ ಎತ್ತರಕ್ಕೆ, ಒಂದಕ್ಕೊಂದು 1 ಮೀಟರ್ ದೂರದಲ್ಲಿ ಇಟ್ಟೆ. ನೇರ ಬರುವ ಸದ್ದಿಗೆ 1 ಮೀಟರ್ ದಾರಿ. ನೆಲಕ್ಕೆ ಬಡಿದು ಬರುವುದಕ್ಕೆ 2.6 ಮೀಟರ್. 1.6 ಮೀಟರ್ ಹೆಚ್ಚುವರಿ ದಾರಿ ಸವೆಸಲು ಸದ್ದಿಗೆ 4.6 ಮಿಲಿಸೆಕೆಂಡ್ ಬೇಕು. ಆ 4.6 ಮಿಲಿಸೆಕೆಂಡಿನೊಳಗೆ ಮೈಕ್‌ಗೆ ಕೇಳಿದ್ದಷ್ಟೇ ಶುದ್ಧ ಸ್ಪೀಕರ್, ಅಲ್ಲಿಂದಾಚೆ ಕತ್ತರಿ ಹಾಕಬೇಕು. ಕತ್ತರಿಸಿದ ಮೇಲೆ ಸುಮಾರು 215 ಹರ್ಟ್ಸ್‌ಗಿಂತ ಕೆಳಗಿನ ಗೆರೆಗೆ ಅರ್ಥವಿಲ್ಲ, ಅದರ ಒಂದು ಅಲೆಯೂ ಆ ಅವಧಿಯಲ್ಲಿ ಪೂರ್ತಿಯಾಗುವುದಿಲ್ಲ. ಪರದೆಯ ಮೇಲೆ ಮಾತ್ರ ಗೆರೆ ಬಹಳ ಅಂದವಾಗಿ ಕೆಳಗಿನವರೆಗೂ ಎಳೆದಿರುತ್ತದೆ. ಆ ಅಂದಕ್ಕೆ ಮರುಳಾಗಿ ಒಂದು ವಾರ 100 ಹರ್ಟ್ಸ್ ಹತ್ತಿರ ಇಲ್ಲದ ಸಮಸ್ಯೆಯೊಂದನ್ನು ತಿದ್ದುತ್ತಾ ಕೂತಿದ್ದೆ.

ಕೆಳಗಿನ ಭಾಗಕ್ಕೆ ಬೇರೆ ಉಪಾಯ. ಮೈಕನ್ನು ವೂಫರ್‌ನ ಕೋನ್‌ಗೆ ಮುತ್ತಿಕ್ಕುವಷ್ಟು ಹತ್ತಿರ ಒಯ್ಯುವುದು. ಡಾನ್ ಕೀಲ್ 1974ರಲ್ಲಿ ತೋರಿಸಿಕೊಟ್ಟ ದಾರಿ. ಅಷ್ಟು ಹತ್ತಿರದಲ್ಲಿ ಕೋನ್‌ನ ಸದ್ದು ಎಷ್ಟು ಜೋರೆಂದರೆ ಕೋಣೆಯ ಸದ್ದು ಲೆಕ್ಕಕ್ಕೇ ಬರುವುದಿಲ್ಲ. ಕೋನ್‌ನ ತ್ರಿಜ್ಯದ ಒಂಬತ್ತರಲ್ಲೊಂದು ಪಾಲಿಗಿಂತ ದೂರ ಇರಬಾರದು. ನನ್ನ ವೂಫರ್‌ಗೆ ಅದು 7 ಮಿ.ಮೀ. ಶಾಲೆಯ ಸ್ಕೇಲ್ ಹಿಡಿದು, ಮೊಣಕಾಲೂರಿ, ಉಸಿರು ಬಿಗಿಹಿಡಿದು ಮೈಕನ್ನು ಅಲ್ಲಿ ನಿಲ್ಲಿಸಿದೆ. ಸ್ವೀಪ್ ಶುರುವಾದಾಗ ಕೋನ್ ಮುಂದಕ್ಕೆ ಬಂದು ಎಲ್ಲಿ ಮೈಕ್‌ಗೆ ಬಡಿಯುತ್ತದೋ ಎಂದು ಎದೆ ಡವಡವ. ಈ ಎರಡು ಅಳತೆಗಳನ್ನು 300 ಹರ್ಟ್ಸ್ ಆಸುಪಾಸಿನಲ್ಲಿ ಹೊಲಿದರೆ ಒಂದು ಪೂರ್ತಿ ಗೆರೆ ಸಿಗುತ್ತದೆ. ಹೊಲಿಯುವಾಗ ಒಂದು ಮರೆಯಬಾರದು. ಹತ್ತಿರದ ಅಳತೆಗೆ ಡಬ್ಬದ ಮುಖದ ಅಗಲ ಗೊತ್ತಿಲ್ಲ. ಅಲೆ ದೊಡ್ಡದಾದಂತೆ ಸದ್ದು ಡಬ್ಬವನ್ನು ಸುತ್ತಿಕೊಂಡು ಹಿಂದಕ್ಕೂ ಹರಡುತ್ತದೆ, ಮುಂದೆ ಕೂತವರಿಗೆ 6 ಡೆಸಿಬೆಲ್‌ವರೆಗೆ ಕಡಿಮೆಯಾಗುತ್ತದೆ. ಬ್ಯಾಫಲ್ ಸ್ಟೆಪ್ ಎನ್ನುತ್ತಾರೆ. 22.6 ಸೆಂ.ಮೀ. ಅಗಲದ ನನ್ನ ಡಬ್ಬಕ್ಕೆ ಆ ಇಳಿಜಾರಿನ ನಡುಮಧ್ಯ 500 ಹರ್ಟ್ಸ್ ಹತ್ತಿರ ಬರುತ್ತದೆ.

ಅಳೆದದ್ದೆಲ್ಲ ರಾತ್ರಿ. ಫ್ಯಾನ್ ಬಂದ್, ಫೋನ್ ಬಂದ್. ಎಲ್ಲೋ ಒಂದು ನಾಯಿ ಬೊಗಳಿದರೆ ಮತ್ತೆ ಮೊದಲಿಂದ.

ಕ್ರಾಸ್‌ಓವರ್‌ಗೆ ಆರಿಸಿಕೊಂಡದ್ದು ಲಿಂಕ್‌ವಿಟ್ಜ್-ರೈಲಿ, ಆಕ್ಟೇವ್‌ಗೆ, ಅಂದರೆ ಆವರ್ತನ ಎರಡರಷ್ಟು ಅಥವಾ ಅರ್ಧ ಆದಾಗಲೆಲ್ಲ, 24 ಡೆಸಿಬೆಲ್ ಇಳಿಯುವಂಥದ್ದು. ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಇಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿಯವರ ಹೆಸರು ಅದಕ್ಕೆ. ಲಿಂಕ್‌ವಿಟ್ಜ್ ಅವರ ಪ್ರಬಂಧ ಬಂದದ್ದು 1976ರಲ್ಲಿ. ಕೂಡುವ ಬಿಂದುವಿನಲ್ಲಿ ಎರಡೂ ಡ್ರೈವರ್‌ಗಳು 6 ಡೆಸಿಬೆಲ್ ಕೆಳಗಿರುತ್ತವೆ, ಹೆಜ್ಜೆಗೆ ಹೆಜ್ಜೆ ಕೂಡಿದರೆ ಮೊತ್ತ ಚಪ್ಪಟೆಯಾಗಿ ಬರುತ್ತದೆ. ಹೊಸಬರೆಲ್ಲ ಮಾಡುವ ತಪ್ಪನ್ನು ನಾನೂ ಮಾಡಿದೆ. ಫೈಲಿನಲ್ಲಿ "ಲಿಂಕ್‌ವಿಟ್ಜ್-ರೈಲಿ, 2000" ಎಂದು ಬರೆದು ಆಯಿತು ಎಂದುಕೊಂಡೆ. ಡ್ರೈವರ್‌ಗಳಿಗೂ ತಮ್ಮದೇ ಇಳಿಜಾರು ಇರುತ್ತದೆ. ಟ್ವೀಟರ್ ಕೆಳಗಡೆ ತಾನಾಗಿಯೇ ಸೋಲುತ್ತದೆ, ವೂಫರ್ ಮೇಲ್ಗಡೆ ತಾನಾಗಿಯೇ ಮುಗ್ಗರಿಸುತ್ತದೆ. ಅದರ ಮೇಲೆ ಫಿಲ್ಟರ್‌ನ ಇಳಿಜಾರೂ ಸೇರಿದರೆ 24 ಅಲ್ಲ, ಮೂವತ್ತೋ ಮೂವತ್ತಾರೋ ಆಗಿಬಿಡುತ್ತದೆ. ಬೇಕಾದದ್ದು ಡ್ರೈವರೂ ಫಿಲ್ಟರೂ ಸೇರಿ ಗಾಳಿಯಲ್ಲಿ ಕಾಣಿಸುವ ಇಳಿಜಾರು 24 ಆಗುವುದು. ಹಾಗಾಗಿ ಮೊದಲು ಪ್ರತಿ ಡ್ರೈವರನ್ನೂ ಒಂದೆರಡು ಆಕ್ಟೇವ್ ಆಚೆಯವರೆಗೆ ಇಕ್ಯೂನಿಂದ (ಆಯ್ದ ಆವರ್ತನದ ಸದ್ದನ್ನು ಎತ್ತುವ, ಇಳಿಸುವ ಫಿಲ್ಟರ್‌ಗಳಿಂದ) ಸಮ ಮಾಡಿ, ಆಮೇಲೆ ಫಿಲ್ಟರ್ ಹಾಕಿದೆ. ವೂಫರ್‌ಗೆ 4500 ಹರ್ಟ್ಸ್ ಹತ್ತಿರ ಒಂದು ಸೊಟ್ಟ ದಿಬ್ಬ ಇತ್ತು. ಕೋನ್ ತಾನೇ ಅಲ್ಲಾಡಿ ಕೂಗುವ ಜಾಗ ಅದು. ಅಲ್ಲಿಗೊಂದು ಕಿರಿದಾದ ಕಡಿತ.

ಇನ್ನು ಡಿಲೇ. ವೂಫರ್‌ನ ಸದ್ದು ಹುಟ್ಟುವ ಜಾಗ ಟ್ವೀಟರ್‌ಗಿಂತ ಒಂದಿಷ್ಟು ಹಿಂದಿರುತ್ತದೆ, ಕೋನ್ ಒಳಗೆ ಬಾಗಿರುವುದರಿಂದ. ಆ ಹಿಂದುಳಿತಕ್ಕೆ ಸಮನಾಗಿ ಟ್ವೀಟರನ್ನು ತಡೆದು ಬಿಡಬೇಕು. ಅಳೆಯಲು ಹೋದರೆ ಪ್ರತಿ ಸಲ ಬೇರೆ ಬೇರೆ ಉತ್ತರ. ಒಮ್ಮೆ 2 ಸೆಂ.ಮೀ., ಇನ್ನೊಮ್ಮೆ 40 ಸೆಂ.ಮೀ.! ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಯುಎಸ್‌ಬಿ ಮೈಕ್‌ಗೆ ತನ್ನದೇ ಗಡಿಯಾರ, ಸೌಂಡ್ ಕಾರ್ಡಿಗೆ ತನ್ನದೇ ಗಡಿಯಾರ, ಒಂದಕ್ಕೊಂದು ಸಂಬಂಧವಿಲ್ಲ. ತಂತ್ರಾಂಶದಲ್ಲಿ ಇದಕ್ಕೆ ಮದ್ದು ಇದೆ. ಅಳೆಯುವ ಸ್ವೀಪ್‌ಗೆ ಮೊದಲು ಬೇರೊಂದು ಸ್ಪೀಕರ್‌ನಿಂದ ಚುರುಕಾದ ಒಂದು ಗುರುತಿನ ಸದ್ದು ಹೊರಡಿಸಿ, ಎಲ್ಲ ಅಳತೆಗೂ ಅದನ್ನೇ ಸೊನ್ನೆ ಎಂದು ಇಟ್ಟುಕೊಳ್ಳುತ್ತದೆ. ಬಲ ಸ್ಪೀಕರನ್ನು ಕದಲಿಸದೆ ಗುರುತಿಗೆ ನಿಲ್ಲಿಸಿ, ಎಡದ್ದನ್ನು ಅಳೆದೆ. ಈ ಸಲ ಮೂರು ಬಾರಿಯೂ ಉತ್ತರ ಎರಡೂವರೆ ಸೆಂಟಿಮೀಟರ್‌ನ ಆಸುಪಾಸಿನಲ್ಲೇ ನಿಂತಿತು. ಅಂದರೆ ಸುಮಾರು 73 ಮೈಕ್ರೋಸೆಕೆಂಡ್.

ಸರಿಯೋ ತಪ್ಪೋ ಎಂದು ನೋಡಲು ಒಂದು ಹಳೆಯ ಪರೀಕ್ಷೆ ಇದೆ. ಟ್ವೀಟರ್‌ನ ಪ್ಲಸ್-ಮೈನಸ್ ಅದಲು ಬದಲು ಮಾಡಿ ಅಳೆಯುವುದು. ಎರಡೂ ಡ್ರೈವರ್ ನಿಜಕ್ಕೂ ಹೆಜ್ಜೆ ಹಾಕುತ್ತಿದ್ದರೆ, ಈಗ ಒಂದನ್ನೊಂದು ತಿಂದುಹಾಕಿ 2000 ಹರ್ಟ್ಸ್‌ನಲ್ಲಿ ಬಾವಿಯಂಥ ಹೊಂಡ ಬೀಳಬೇಕು. ಬಾವಿ ಆಳವಾದಷ್ಟೂ ಹೊಂದಿಕೆ ಸರಿ. ಡಿಎಸ್‌ಪಿಯಲ್ಲಿ ಸದ್ದು ಸೆಕೆಂಡಿಗೆ 48,000 ಅಂಕಿಗಳಾಗಿ (ಸ್ಯಾಂಪಲ್‌ಗಳಾಗಿ) ಓಡುತ್ತದೆ, ಒಂದು ಸ್ಯಾಂಪಲ್ ಎಂದರೆ 7 ಮಿ.ಮೀ. ದಾರಿ. ಎರಡು ಸ್ಯಾಂಪಲ್ ಡಿಲೇ ಕೊಟ್ಟೆ: ಬಾವಿ 14 ಡೆಸಿಬೆಲ್ ಆಳ, ಒಂದು ಪಕ್ಕಕ್ಕೆ ವಾಲಿಕೊಂಡಿದೆ. ಮೂರು: 23. ನಾಲ್ಕು: 26, ಈಗ ಇನ್ನೊಂದು ಪಕ್ಕಕ್ಕೆ ವಾಲಿದೆ. ಸ್ಯಾಂಪಲ್ ಬಿಟ್ಟು ಮೈಕ್ರೋಸೆಕೆಂಡಿನಲ್ಲಿ, ಚೂರು ಚೂರೇ ಸರಿಸುತ್ತಾ 75ಕ್ಕೆ ಬಂದಾಗ ಗೆರೆ ಎರಡೂ ಕಡೆಯಿಂದ ಸಮನಾಗಿ ಬಾಗಿ 38 ಡೆಸಿಬೆಲ್ ಕೆಳಗೆ ಇಳಿದುಹೋಯಿತು. ರಾತ್ರಿ ಒಂದು ಗಂಟೆ. ಒಬ್ಬಳೇ ಚಪ್ಪಾಳೆ ತಟ್ಟಿದೆ. ಆಮೇಲೆ ಮೈಕನ್ನು ನಾಲ್ಕು ಬೆರಳು ಕೆಳಗಿಳಿಸಿ ಅಳೆದರೆ ಬಾವಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು! ಡ್ರೈವರ್‌ಗಳು ಒಂದರ ಮೇಲೊಂದು ಕೂತಿರುವುದರಿಂದ ಕಿವಿಯ ಎತ್ತರ ಬದಲಾದರೆ ದೂರಗಳೂ ಬದಲಾಗುತ್ತವೆ. ಕುರ್ಚಿಯಲ್ಲಿ ಕೂತರೆ ನನ್ನ ಕಿವಿ ಎಷ್ಟು ಎತ್ತರಕ್ಕೆ ಬರುತ್ತದೆಂದು ಟೇಪ್ ಹಿಡಿದು ನೋಡಿ, ಸ್ಟ್ಯಾಂಡನ್ನು ಅದಕ್ಕೆ ಹೊಂದಿಸಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಸ್ಪೀಕರ್‌ಗಳನ್ನು ಜಾಗಕ್ಕೆ ಇಟ್ಟು, ಕುರ್ಚಿಯ ಬಳಿ ಮೈಕ್ ನಿಲ್ಲಿಸಿ, ಕತ್ತರಿ ಹಾಕದೆ ಅಳೆದೆ. ಪರದೆಯ ಮೇಲೆ ಗೆರೆಯಲ್ಲ, ಗರಗಸದ ಹಲ್ಲು. 41 ಹರ್ಟ್ಸ್‌ನಲ್ಲಿ ಗುಡ್ಡ, 143ರಲ್ಲಿ ಕಂದರ, ಮೇಲಕ್ಕೆ ಹೋದಂತೆ ನೂರಾರು ಮುಳ್ಳು. ಅಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ ಸ್ಪೀಕರ್ ಇದೇನಾ ಎನ್ನಿಸಿತು. ತಂತ್ರಾಂಶದಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಗುರಿಯ ಗೆರೆಗೆ ಹೊಂದುವ ಫಿಲ್ಟರ್‌ಗಳನ್ನು ತಾನೇ ಹುಡುಕಿಕೊಡುತ್ತದೆ. 20ರಿಂದ 20,000 ಹರ್ಟ್ಸ್‌ವರೆಗೆ, ಎಷ್ಟು ಬೇಕಾದರೂ ಎತ್ತು, ಎಷ್ಟು ಬೇಕಾದರೂ ಇಳಿಸು ಎಂದು ಒತ್ತಿದೆ. ಒಂದೊಂದು ಕಡೆಗೆ ಇಪ್ಪತ್ತು ಫಿಲ್ಟರ್. ಮತ್ತೆ ಅಳೆದರೆ ಗೆರೆ ದಾರ ಎಳೆದು ಕಟ್ಟಿದ ಹಾಗೆ.

ಅಕ್ಕ ಬಂದಿದ್ದಳು. ಅವಳು ಹಾಡು ಕಲಿತವಳು, ಮನೆಯಲ್ಲಿ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಾಳೆ, ಹರ್ಟ್ಸ್ ಡೆಸಿಬೆಲ್ ಅಂದರೆ ಅವಳಿಗೆ ಆಗಿಬರುವುದಿಲ್ಲ. ತಂಬೂರಿಯ ಜೊತೆ ಒಂದೇ ಹೆಣ್ಣು ಧ್ವನಿ ಇರುವ ಧ್ವನಿಮುದ್ರಣ ಹಚ್ಚಿ, ಲ್ಯಾಪ್‌ಟಾಪ್ ಅವಳ ಮುಂದಿಟ್ಟು ಗೆರೆಯನ್ನೂ ತೋರಿಸಿದೆ. ಗೆರೆಯತ್ತ ನೋಡಲೇ ಇಲ್ಲ. ಒಂದು ನಿಮಿಷ ಕೇಳಿ, "ಬಾಯಿಗೆ ಕೈ ಅಡ್ಡ ಇಟ್ಕೊಂಡು ಹಾಡೋ ಹಾಗಿದೆ ಕಣೇ. ತಂಬೂರಿ ಬೇರೆ ಕೋಣೇಲಿದೆ" ಎಂದಳು. ಮೈಕ್ ಇದ್ದ ಜಾಗದಿಂದ ಒಂದು ಗೇಣು ಪಕ್ಕಕ್ಕೆ ಸರಿದು ಕೂತು, "ಇಲ್ಲಿ ಇನ್ನೊಂದು ಥರ" ಎಂದಳು. ಅವಳು ಹೋದ ಮೇಲೆ ಆ ಒಂದು ಗೇಣು ಪಕ್ಕದಲ್ಲಿ ಮೈಕ್ ಇಟ್ಟು ಅಳೆದೆ. ದಾರದಂತಿದ್ದ ಗೆರೆ ಮೊದಲಿಗಿಂತ ಕೆಟ್ಟದಾಗಿತ್ತು. ಗ್ರಾಫ್ ನೆಟ್ಟಗಾಗಿತ್ತು, ಹಾಡು ಸೊಟ್ಟಗಾಗಿತ್ತು.

ಆಗಿದ್ದಿಷ್ಟೇ. ಮೇಲಿನ ಸದ್ದಿನ ಅಲೆಗಳು ಚಿಕ್ಕವು. 2000 ಹರ್ಟ್ಸ್‌ನ ಅಲೆ 17 ಸೆಂ.ಮೀ. ಉದ್ದ. ಅದರ ಮುಳ್ಳುಗಳು ಗೋಡೆ, ಮೇಜು, ಕುರ್ಚಿಯಿಂದ ಪುಟಿದ ಸದ್ದು ಆ ಒಂದು ಬಿಂದುವಿನಲ್ಲಿ ಕೂಡಿ ಕಳೆದು ಆದದ್ದು, ತಲೆ ಅಲ್ಲಾಡಿಸಿದರೆ ಜಾಗ ಬದಲಿಸುತ್ತವೆ. ಆ ಮುಳ್ಳುಗಳಿಗೆ ತಿರುವುಮುರುವಾದ ಮುಳ್ಳುಗಳನ್ನು ಫಿಲ್ಟರ್‌ನಲ್ಲಿ ಕೊಟ್ಟು, ಸ್ಪೀಕರ್‌ನಿಂದ ಹೊರಡುವ ನೇರ ಸದ್ದನ್ನೇ ಕೆಡಿಸಿದ್ದೆ. ನಮ್ಮ ಕಿವಿ ಮೊದಲು ಬರುವ ಆ ನೇರ ಸದ್ದನ್ನು ಬೇರೆಯಾಗಿ ಹಿಡಿದು ತೂಗುತ್ತದೆ, ಮೈಕ್‌ಗೆ ಆ ವಿವೇಕವಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್, ಆಮೇಲೆ ಅವರೊಂದಿಗೆ ಶಾನ್ ಆಲಿವ್, ಕಣ್ಣಿಗೆ ಕಾಣದಂತೆ ಸ್ಪೀಕರ್‌ಗಳನ್ನಿಟ್ಟು ಜನರಿಂದ ಕೇಳಿಸಿ ಕಂಡುಕೊಂಡದ್ದೂ ಇದೇ ದಿಕ್ಕಿನದು. ಪ್ರತಿಧ್ವನಿಯಿಲ್ಲದೆ ಅಳೆದಾಗ ನೇರ ಸದ್ದು ಸಮನಾಗಿದ್ದು, ಪಕ್ಕಕ್ಕೆ ಹೋಗುವ ಸದ್ದೂ ನಯವಾಗಿ ಇಳಿಯುವಂಥ ಸ್ಪೀಕರನ್ನು ಜನ ಮೆಚ್ಚುತ್ತಾರೆ. ಅಂಥ ಸ್ಪೀಕರನ್ನು ಕೋಣೆಯಲ್ಲಿಟ್ಟು ಅಳೆದರೆ ಗೆರೆ ಬಾಸ್‌ನಿಂದ ಮೇಲಿನ ಸ್ವರದ ಕಡೆಗೆ ಮೆಲ್ಲಗೆ ಇಳಿಯುತ್ತದೆ. ನಾನು ಆ ಇಳಿಜಾರನ್ನು ದೋಷವೆಂದು ತಿಳಿದು ಮಟ್ಟಸ ಮಾಡಿದ್ದೆ.

ನಲವತ್ತು ಫಿಲ್ಟರ್‌ಗಳನ್ನೂ ಅಳಿಸಿದೆ. 300 ಹರ್ಟ್ಸ್‌ನಿಂದ ಮೇಲಕ್ಕೆ ಕತ್ತರಿ ಹಾಕಿದ ಅಳತೆ ನೋಡಿ ಸ್ಪೀಕರನ್ನಷ್ಟೇ ತಿದ್ದುವುದು, ಅದಕ್ಕಿಂತ ಕೆಳಗೆ ಮಾತ್ರ ಕೋಣೆಯ ಜೊತೆ ಗುದ್ದಾಡುವುದು ಎಂದು ಗಡಿ ಹಾಕಿಕೊಂಡೆ. ಮೇಲಿನದಕ್ಕೆ ನೇರ ಎದುರು ಒಂದೇ ಅಲ್ಲ, ಸ್ಪೀಕರನ್ನು 15, 30, 45 ಡಿಗ್ರಿ ತಿರುಗಿಸಿಯೂ ಅಳೆದು, ಎಲ್ಲದರಲ್ಲೂ ಕಾಣಿಸುವ ದಿಬ್ಬವನ್ನಷ್ಟೇ ಕಡಿದೆ. ಎದುರಿಗೆ ಮಾತ್ರ ಕಾಣಿಸಿ ಪಕ್ಕದಲ್ಲಿ ಮಾಯವಾಗುತ್ತಿದ್ದ ಒಂದು ಹೊಂಡವಿತ್ತು, 3000 ಹರ್ಟ್ಸ್ ಮೇಲೆ. ಟ್ವೀಟರ್‌ನ ಸದ್ದು ಡಬ್ಬದ ಅಂಚಿಗೆ ತಾಗಿ ಮರಳಿದ್ದರ ಫಲ. ಅದನ್ನು ಹಾಗೇ ಬಿಟ್ಟೆ. ಅಂಚನ್ನು ಮೊದಲೇ ದುಂಡಗೆ ಮಾಡಬೇಕಿತ್ತು, ಇಕ್ಯೂ ಅದಕ್ಕೆ ಉತ್ತರವಲ್ಲ.

ಕೆಳಗಿನ ಭಾಗದಲ್ಲಿ 41 ಹರ್ಟ್ಸ್‌ನ ಗುಡ್ಡಕ್ಕೆ ಕಾರಣ ಸುಲಭವಾಗಿ ಸಿಕ್ಕಿತು. ಕೋಣೆ 4.2 ಮೀಟರ್ ಉದ್ದ. ಸದ್ದಿನ ವೇಗ 343ನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 41. ಎರಡು ಗೋಡೆಗಳ ನಡುವೆ ಆ ಅಲೆ ಉಯ್ಯಾಲೆಯಾಡುತ್ತದೆ. ಇಂಥ ಗುಡ್ಡವನ್ನು ಕಡಿಯಬಹುದು. ಅದೇ ಜಾಗಕ್ಕೆ, ಅದೇ ಅಗಲದ 7 ಡೆಸಿಬೆಲ್ ಕಡಿತ ಕೊಟ್ಟಾಗ ಮೃದಂಗದ ಎಡಗಡೆಯ ಪೆಟ್ಟು ಬಿದ್ದ ಮೇಲೂ ಕೋಣೆಯಲ್ಲಿ ಉಳಿಯುತ್ತಿದ್ದ ಗುಂಯ್ ಅರ್ಧಕ್ಕಿಂತ ಕಡಿಮೆಯಾಯಿತು.

143ರ ಕಂದರ ಬೇರೆ ಜಾತಿಯದು. ವೂಫರ್‌ನಿಂದ ಹಿಂದಿನ ಗೋಡೆಗೆ 60 ಸೆಂ.ಮೀ. ಹಿಂದಕ್ಕೆ ಹೋಗಿ ಗೋಡೆಗೆ ತಾಗಿ ಮರಳುವ ಸದ್ದು ಅಷ್ಟರಲ್ಲಿ ಅರ್ಧ ಅಲೆ ಹಿಂದೆ ಬಿದ್ದು, ಮುಂದಿನದನ್ನು ಅಳಿಸುತ್ತದೆ. ಇಲ್ಲಿ 9 ಡೆಸಿಬೆಲ್ ಎತ್ತಿದರೆ ಆಂಪ್‌ಗೆ ಎಂಟು ಪಟ್ಟು ದುಡಿಮೆ, ಆದರೆ ಗೋಡೆಯಿಂದ ಮರಳುವ ಸದ್ದೂ ಅಷ್ಟೇ ಎತ್ತರಕ್ಕೆ ಬಂದು ಮತ್ತೆ ಅಳಿಸುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಕಂದರ ಎರಡು ಡೆಸಿಬೆಲ್‌ನಷ್ಟೂ ತುಂಬಲಿಲ್ಲ, ವೂಫರ್ ಮಾತ್ರ ಏದುಸಿರು ಬಿಟ್ಟಿತು. ಇದಕ್ಕೆ ಸಿಕ್ಕ ಮದ್ದು ಡಿಎಸ್‌ಪಿಯಲ್ಲ, ಸ್ಪೀಕರನ್ನು ಎತ್ತಿ ಗೋಡೆಯ ಹತ್ತಿರ ಇಟ್ಟದ್ದು. ವೂಫರ್‌ನಿಂದ ಗೋಡೆಗೆ 30 ಸೆಂ.ಮೀ. ಆದಾಗ ಹೊಂಡ 286 ಹರ್ಟ್ಸ್ ಕಡೆಗೆ ಹೋಯಿತು, ಆಳವೂ ಕಡಿಮೆಯಾಯಿತು. ಮುಚ್ಚಿದ ಡಬ್ಬವಾದ್ದರಿಂದ ಹಿಂದೆ ಆರು ಸೆಂಟಿಮೀಟರ್ ಸಂದಿ ಸಾಕು. ಗೋಡೆ ಈಗ ಬಾಸ್‌ಗೆ ಹೆಗಲು ಕೊಡುವುದರಿಂದ, ಬ್ಯಾಫಲ್ ಸ್ಟೆಪ್‌ಗೆಂದು ಕೊಟ್ಟಿದ್ದ 6 ಡೆಸಿಬೆಲ್ ತಿದ್ದುಪಡಿಯಲ್ಲಿ 3 ವಾಪಸ್ ತೆಗೆದೆ. ಅಕ್ಕ ಹೇಳಿದ "ಬಾಯಿಗೆ ಕೈ ಅಡ್ಡ" ಎಂಬುದರ ಉಳಿದ ಪಾಲೂ ಆವತ್ತೇ ಹೋಯಿತು ಎಂದು ನನ್ನ ಅನುಮಾನ.

ಬಾಸ್ ಎತ್ತಿಕೊಳ್ಳೋಣ ಎಂದಿದ್ದೆನಲ್ಲ, ಅದರ ಗತಿಯನ್ನೂ ಹೇಳುತ್ತೇನೆ. ಲಿಂಕ್‌ವಿಟ್ಜ್ ಹೆಸರಿನ ಇನ್ನೊಂದು ಫಿಲ್ಟರ್ ಇದೆ. 67 ಹರ್ಟ್ಸ್‌ಗೆ ಇಳಿಯಲು ತೊಡಗುವ ವೂಫರನ್ನು 40ರವರೆಗೆ ಎಳೆಯುತ್ತದೆ. ತೆರಿಗೆ 9 ಡೆಸಿಬೆಲ್. ಸದ್ದು ಅಷ್ಟೇ ಇರಬೇಕಾದರೆ ಆವರ್ತನ ಅರ್ಧವಾದಾಗಲೆಲ್ಲ ಕೋನ್ ನಾಲ್ಕು ಪಟ್ಟು ಓಡಾಡಬೇಕು, ಆರೂವರೆ ಇಂಚಿಗೆ ಅಷ್ಟು ಜಾಗವೆಲ್ಲಿ? ಸಣ್ಣ ಸದ್ದಿನಲ್ಲಿ ಸ್ವರ್ಗ, ಜೋರು ಮಾಡಿದೊಡನೆ ಟಕ್ ಟಕ್ ಎಂದು ಸುರುಳಿ ತಳಕ್ಕೆ ಬಡಿಯುವ ಸದ್ದು. 50 ಹರ್ಟ್ಸ್‌ಗೆ ರಾಜಿ ಮಾಡಿಕೊಂಡೆ, ತೆರಿಗೆ 5 ಡೆಸಿಬೆಲ್‌ಗೆ ಇಳಿಯಿತು. ಎಲ್ಲಿ ಎತ್ತಿದ್ದೇವೋ ಅಷ್ಟನ್ನು ಮೊದಲೇ ಒಟ್ಟಾರೆ ತಗ್ಗಿಸಿಡಬೇಕು ಎಂಬುದನ್ನೂ ಹೊಡೆತ ತಿಂದೇ ಕಲಿತೆ. ಇಲ್ಲದಿದ್ದರೆ ಅಂಕಿಗಳು ಗಡಿ ದಾಟಿ, ಗಾಯನ ಮುಗಿಲಿಗೇರಿದಾಗ ಚರ್‌ಚರ್ ಎನ್ನುತ್ತದೆ. ತಗ್ಗಿಸಿದ್ದನ್ನು ಸರಿದೂಗಿಸಲು ಆಂಪ್ ಹೆಚ್ಚಿಸಿದರೆ ಟ್ವೀಟರ್‌ನಲ್ಲಿ ಸುಸ್ ಎಂಬ ಸದ್ದು. ಆ ಚಾನೆಲ್‌ನ ಆಂಪ್ ಮುಂದೆ ಎರಡು ರೆಸಿಸ್ಟರ್ ಹಾಕಿ 10 ಡೆಸಿಬೆಲ್ ಇಳಿಸಿದ ಮೇಲೆ ಕಿವಿ ಹಚ್ಚಿದರಷ್ಟೇ ಕೇಳುತ್ತದೆ.

ಕಳೆದ ತಿಂಗಳು ಅಕ್ಕ ಮತ್ತೆ ಬಂದಾಗ ಎರಡು ಫೈಲ್ ಇಟ್ಟುಕೊಂಡಿದ್ದೆ. ಎರಡರ ಸದ್ದಿನ ಮಟ್ಟ ಒಂದೇ ಎಂದು ಅಳೆದು ಹೊಂದಿಸಿದ್ದೆ, ಜೋರಾದದ್ದೇ ಚೆನ್ನಾಗಿ ಕೇಳುವ ಕಾಯಿಲೆ ಎಲ್ಲರಿಗೂ ಇದೆ. ಒಂದರಲ್ಲಿ 2000 ಹರ್ಟ್ಸ್‌ನಿಂದ ಮೇಲಕ್ಕೆ ಒಂದೂವರೆ ಡೆಸಿಬೆಲ್ ಇಳಿಸಿದ್ದೆ, ಇನ್ನೊಂದರಲ್ಲಿ ಇಲ್ಲ. ಯಾವುದು ಯಾವಾಗ ಎಂದು ಹೇಳದೆ ಬದಲಿಸುತ್ತಾ ಹೋದೆ. ಆರರಲ್ಲಿ ಐದು ಸಲ ಇಳಿಸಿದ್ದನ್ನೇ "ಇದು" ಎಂದಳು. ಆರನೆಯ ಸಲ, "ಸಾಕು ಕಣೇ, ಹಾಡು ಪೂರ್ತಿ ಕೇಳೋಕೆ ಬಿಡು" ಎಂದಳು. ಈಗ ಓಡುತ್ತಿರುವುದು ಆ ಫೈಲೇ, ಎರಡೂ ಕಡೆ ಸೇರಿ ಹದಿನಾಲ್ಕು ಫಿಲ್ಟರ್. ಸೋಫಾದ ಎಡತುದಿಯಲ್ಲಿ 70 ಹರ್ಟ್ಸ್ ಸುತ್ತ ಇನ್ನೂ ಒಂದು ಹೊಂಡವಿದೆ. ಯಾರಾದರೂ ಬಂದರೆ ಅಲ್ಲಿ ನಾನು ಕೂರುತ್ತೇನೆ.